ಕಾಯುವ ಪಟ್ಟಿಗೆ ಸೇರಿದ ವಿದ್ಯಾರ್ಥಿನಿಯ ಎದುರು ಊರಿನವರು ನಡೆದುಕೊಳ್ಳಬೇಕಾದ ರೀತಿಯ ಬಗ್ಗೆ

ಪ್ರೌಢಶಾಲಾ ಮಾರ್ಗದರ್ಶನ ವಿಭಾಗ, ಉತ್ತರ ಮೇಯ್ನ್
ಸಂಖ್ಯೆ: ಮಾವಿ/ಕಾಪ/ಹೌದಲ್ಲ-ಇಲ್ಲವಲ್ಲ/03
ದಿನಾಂಕ: ಮೇ 6

ಸುತ್ತೋಲೆ

ವಿಷಯ: ಕುಮಾರಿ ಸೊಲಾಂಜ್ ಪೆಲ್ಟಿಯೆ ಅವರ ಕಾಯುವಿಕೆ ಮತ್ತು ತತ್ಸಂಬಂಧ ಶಿಸ್ತು.

ಉಲ್ಲೇಖ: 1) ವಿಶ್ವವಿದ್ಯಾಲಯದ ಪತ್ರ, ಮಾರ್ಚ್ 27.
2) ಸದರಿ ಪತ್ರವನ್ನು ವಿದ್ಯಾರ್ಥಿನಿಯು ಬಾಯಿಪಾಠ ಒಪ್ಪಿಸಿದ್ದು, ಮಾರ್ಚ್ 28ರಿಂದ ಏಪ್ರಿಲ್ 28ರವರೆಗೆ ಪ್ರತಿದಿನ.

ಆಲೂಗಡ್ಡೆ ಬೆಳೆಗಾರರ ಮಗಳಾದ ಸದರಿ ವಿದ್ಯಾರ್ಥಿನಿಯು ಕಡಲಜೀವಿಗಳ ಬಗ್ಗೆ ಓದಬೇಕೆಂದು ಏಳನೆಯ ತರಗತಿಯಿಂದಲೂ ಒಂದೇ ವಿಶ್ವವಿದ್ಯಾಲಯದ ಮೇಲೆ ಮನಸ್ಸಿಟ್ಟಿದ್ದು, ಸದರಿ ವಿಶ್ವವಿದ್ಯಾಲಯವು ಆಕೆಯನ್ನು ಸೇರಿಸಿಕೊಳ್ಳದೆ, ಬೇಡವೆಂದೂ ಹೇಳದೆ, ಕಾಯುವ ಪಟ್ಟಿಯಲ್ಲಿ ಇರಿಸಿರುತ್ತದೆ. ಕರಾವಳಿಯ ಚಿಕ್ಕ ಕಾಲೇಜೊಂದು ಸೀಟು ಕೊಟ್ಟಿದ್ದು, ಮೇ 1ರೊಳಗೆ ಒಪ್ಪಿಗೆ ತಿಳಿಸದಿದ್ದಲ್ಲಿ ಅದೂ ಕೈತಪ್ಪುವುದಿತ್ತು. ಆ ಕಾಲೇಜಿನ ಪತ್ರದ ಮೇಲೆ ಆಕೆ ಬಿಸಿ ಪಾತ್ರೆ ಇಡುತ್ತಿದ್ದುದು ವಿಭಾಗದ ಗಮನಕ್ಕೆ ಬಂದಿದೆ. ಮುಂದಿನ ವರ್ಷಗಳಲ್ಲಿ ಇಂಥವು ಮರುಕಳಿಸದಿರಲೆಂದು ಕೆಳಕಂಡ ನಿಯಮಗಳನ್ನು ಈ ಮೂಲಕ ಹೊರಡಿಸಲಾಗಿದೆ.

1. ಇಮೇಲನ್ನು ಗಂಟೆಗೆ ನಾಲ್ಕು ಸಲಕ್ಕಿಂತ ಹೆಚ್ಚು ನೋಡತಕ್ಕದ್ದಲ್ಲ. ಏಪ್ರಿಲ್ 4ರಂದು ಗ್ರಂಥಾಲಯದಲ್ಲಿ 212 ಸಲ ನೋಡಲಾಗಿದ್ದು, ಕೀಲಿಮಣೆಯ ಕೀಲಿಯೊಂದರ ಮೇಲಿನ ಅಕ್ಷರ ಅಳಿಸಿಹೋಗಿದೆ. ಬೂಟಿನ ಜಾಹೀರಾತು ಬಂದಾಗ ವಿದ್ಯಾರ್ಥಿನಿಯು ಎದೆ ಹಿಡಿದುಕೊಂಡು ಎದ್ದುನಿಂತದ್ದನ್ನು ಮನ್ನಿಸಲಾಗಿದೆ.

2. 'ನನಗೆ ಈಗಲೂ ಆಸಕ್ತಿಯಿದೆ' ಎಂಬ ಪತ್ರವನ್ನು ವಿಶ್ವವಿದ್ಯಾಲಯಕ್ಕೆ ಒಂದೇ ಸಲ ಬರೆಯತಕ್ಕದ್ದು. ಒಂಬತ್ತು ಬರೆಯಲಾಗಿದೆ. ಏಳನೆಯದರಲ್ಲಿ ಊರಿನ ಹಿಮ ಕರಗಿದ ಸುದ್ದಿ ಮಾತ್ರ ಇದ್ದು, ಒಂಬತ್ತನೆಯದು ಎಂಟನೆಯದಕ್ಕಾಗಿ ಕ್ಷಮೆ ಕೋರುತ್ತದೆ.

3. ಅಜ್ಜಿಯಂದಿರು ಪ್ರವೇಶ ಕಚೇರಿಗೆ ಫೋನು ಮಾಡುವುದನ್ನು ನಿಷೇಧಿಸಲಾಗಿದೆ. ವಿದ್ಯಾರ್ಥಿನಿಯ ಅಜ್ಜಿ ಶ್ರೀಮತಿ ಎಡ್ವಿಜ್ ಅವರು ಮೊಮ್ಮಗಳು ಎಷ್ಟನೇ ನಂಬರೆಂದು ವಿಚಾರಿಸಿ, ನಂಬರು ಇರುವುದಿಲ್ಲವೆಂಬ ಉತ್ತರಕ್ಕೆ, "ಮಾಂಸದಂಗಡೀಲೂ ಸರದಿಗೆ ನಂಬರ್ ಚೀಟಿ ಕೊಡ್ತಾರಲ್ಲ ತಮ್ಮಾ, ನಂಬರೇ ಇಲ್ಲದ ಪಟ್ಟಿ ಅದೆಂಥ ಪಟ್ಟಿ?" ಎಂದಿರುತ್ತಾರೆ.

4. ಬೆಳೆಯನ್ನು ಕಳುಹಿಸಬಾರದು. ತಂದೆ ಶ್ರೀ ಅರ್ಮಾಂಡ್ ಅವರು ಪ್ರವೇಶಾಧಿಕಾರಿಗಳಿಗೆ ಒಂದು ಮೂಟೆ ಕಳುಹಿಸಿ, 'ಇದು ಲಂಚವಲ್ಲ, ಆಲೂಗಡ್ಡೆ' ಎಂದು ಚೀಟಿ ಇಟ್ಟಿರುತ್ತಾರೆ. ಹತ್ತು ದಿನಗಳ ನಂತರ ವಿಶ್ವವಿದ್ಯಾಲಯದ ಮುದ್ರೆಯುಳ್ಳ ಲಕೋಟೆ ಬಂದಿದ್ದು, ವಿದ್ಯಾರ್ಥಿನಿಯು ಅದನ್ನು ಒಡೆಯಲಾರದೆ ಇಪ್ಪತ್ತು ನಿಮಿಷ ಅಂಗಳದಲ್ಲಿ ನಿಂತಿದ್ದಳು. ಅದು ಆಲೂಗಡ್ಡೆಗೆ ಧನ್ಯವಾದ ಹೇಳುವ ಪತ್ರವಾಗಿತ್ತು. ಅಂದು ಆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿರುವುದಿಲ್ಲ.

5. ಸಮಾಧಾನ ಹೇಳಬಯಸುವವರು ಹೆಸರು ನೋಂದಾಯಿಸತಕ್ಕದ್ದು. ಅರ್ಜಿಗಳು ಹೆಚ್ಚಾದಲ್ಲಿ ಅವರನ್ನೂ ಕಾಯುವ ಪಟ್ಟಿಯಲ್ಲಿ ಇರಿಸಲಾಗುವುದು. 'ನಮ್ಮ ಪರಿಚಯದವರ ಮಗನಿಗೆ ಆಗಸ್ಟಿನಲ್ಲಿ ಕರೆ ಬಂತು' ಎಂಬ ಕಥೆಯನ್ನು ಶಾಲಾ ಬಸ್ಸಿನ ಚಾಲಕರು ಹನ್ನೊಂದು ಸಲ ಹೇಳಿದ್ದು, ಪ್ರತಿ ಸಲವೂ ಮಗ ಬೇರೆಯಾಗಿದ್ದಾನೆ.

6. ಎರಡನೆಯ ಆಯ್ಕೆಯ ಕಾಲೇಜನ್ನು ನೋಡದೆ ತಿರಸ್ಕರಿಸತಕ್ಕದ್ದಲ್ಲ. ಏಪ್ರಿಲ್ 29ರಂದು ಅಜ್ಜಿಯವರು ಕಾರಿನ ಬಾಗಿಲು ತೆರೆದು ಹಿಡಿದು, "ನಿನ್ನನ್ನ ಬೇಕು ಅಂದವರ ಮುಖವನ್ನಾದ್ರೂ ಒಂದ್ಸಲ ನೋಡೋಣ ಬಾ ಪುಟ್ಟಿ. ಹಿಡಿಸದಿದ್ರೆ ಸೂಪು ಕುಡಿದು ವಾಪಸ್ ಬರೋಣ" ಎಂದು ತಿಳಿಸಿದ ಮೇರೆಗೆ, ವಿದ್ಯಾರ್ಥಿನಿಯು ದಾರಿಯುದ್ದಕ್ಕೂ ಫೋನಿನಲ್ಲಿ ಇಮೇಲು ನೋಡುತ್ತಲೇ ತೆರಳಿರುತ್ತಾಳೆ. ಅಲ್ಲಿನ ಪ್ರಾಧ್ಯಾಪಕಿಯೊಬ್ಬರು ಎರಡು ಅಳತೆ ದೊಡ್ಡದಾದ ರಬ್ಬರ್ ಬೂಟು ಕೊಟ್ಟು, ಇಳಿತದ ವೇಳೆ ನೀರು ಸರಿದ ಸಮುದ್ರತೀರದ ಕೆಸರಿಗೆ ಆಕೆಯನ್ನು ಇಳಿಸಿದ್ದಾರೆ. ಮೂರು ಗಂಟೆ ಆಕೆ ಮೇಲೆ ಬಂದಿಲ್ಲ. ಅಷ್ಟೂ ಹೊತ್ತು ಫೋನು ಕಾರಿನಲ್ಲಿಯೇ ಇತ್ತು. ಹಿಂದಿರುಗುವಾಗ, ಮೊಣಕೈವರೆಗೆ ಒಣಗಿದ ಕೆಸರಿನೊಂದಿಗೇ, ಕೆಸರಿನ ಬಸವನಹುಳುವು ಸೊಂಡಿಲು ಚಾಚಿ ವಾಸನೆ ಹಿಡಿಯುವ ಕ್ರಮವನ್ನು ನೂರೆಂಬತ್ತು ಮೈಲಿ ವಿವರಿಸಲಾಗಿದೆ. ಅಜ್ಜಿಯವರು ಮಧ್ಯೆ ನಿದ್ರಿಸಿಲ್ಲವೆಂದು ದೃಢೀಕರಿಸಿದ್ದಾರೆ. ಕಾರು ಓಡಿಸುತ್ತಿದ್ದವರು ಅವರೇ.

7. ಮರುದಿನ ಆ ಕಾಲೇಜಿಗೆ ಒಪ್ಪಿಗೆ ರವಾನೆಯಾಗಿದೆ. ಮೊದಲಿನ ಪಟ್ಟಿಯಲ್ಲಿ ಹೆಸರು ಇನ್ನೂ ಇದೆಯೇ ಎಂದು ವಿಭಾಗವು ನಿನ್ನೆ ವಿಚಾರಿಸಲಾಗಿ, ಯಾವ ಪಟ್ಟಿಯೆಂದು ನೆನಪಿಸಿಕೊಳ್ಳಲು ಆಕೆಗೆ ತುಸು ಹೊತ್ತು ಬೇಕಾಯಿತು.

8. ಬಿಡುವಿಲ್ಲದವರು ಇನ್ನು ಮುಂದೆ ಆಕೆಯ ಬಳಿ ಬಸವನಹುಳುವಿನ ಮಾತೆತ್ತಬಾರದೆಂದು ಕಟ್ಟುನಿಟ್ಟಾಗಿ ಸೂಚಿಸಲಾಗಿದೆ. ಗಣಿತ ಶಿಕ್ಷಕರು ಈಗಾಗಲೇ ಎರಡು ಪೀರಿಯಡ್ಡು ಕಳೆದುಕೊಂಡಿರುತ್ತಾರೆ.

ಸಹಿ/-
(ಹೊರೇಸ್ ಡ್ಯುಮಾಂಟ್)
ಮಾರ್ಗದರ್ಶನಾಧಿಕಾರಿ, ವಿಭಾಗದ ಏಕೈಕ ಸಿಬ್ಬಂದಿ

ಪ್ರತಿಗಳು:
1. ಶ್ರೀಮತಿ ಎಡ್ವಿಜ್ ಪೆಲ್ಟಿಯೆ ಅವರಿಗೆ, ದಪ್ಪ ಅಕ್ಷರಗಳಲ್ಲಿ.
2. ಪ್ರಾಂಶುಪಾಲರಿಗೆ, ಓದುವರೆಂಬ ನಿರೀಕ್ಷೆಯಿಲ್ಲದೆ.
3. ಗಣಿತ ಶಿಕ್ಷಕರಿಗೆ, ವಿಷಾದದೊಂದಿಗೆ.
4. ಕಚೇರಿ ಕಡತಕ್ಕೆ, ಕಡತ ಸಿಕ್ಕಲ್ಲಿ.