ಸುಟ್ಟು ನೋಡುವ ಪೇಟೆಯಲ್ಲಿ ಒಂದು ದಾರ

ದಾರ ಹರಿದಾಗ ಬ್ಯಾನರು ಮುಕ್ಕಾಲು ಏರಿತ್ತು. ‘ಪಟ್’ ಎಂದಿತು ಅಷ್ಟೇ. ‘ಸುಸ್ವಾಗತ’ ಎಂದು ಬರೆದಿದ್ದ ಬಟ್ಟೆ ಕೆಳಗೆ ನಿಂತು ನೋಡುತ್ತಿದ್ದ ಹೆಡ್‌ಮಾಸ್ಟರ್ ಕಾಂತರಾಜು ಅವರ ತಲೆಯ ಮೇಲೆ ಮದುಮಗಳ ಮುಸುಕಿನಂತೆ ಇಳಿಯಿತು.

“ಪ್ರಿಯಾಂಕ ಮಿಸ್,” ಎಂದರು ಅವರು ಮುಸುಕಿನೊಳಗಿಂದಲೇ, “ಇದು ಮಧ್ಯಾಹ್ನ ಶಿಕ್ಷಣ ಇಲಾಖೆ ಜಿಲ್ಲಾ ಸಾಹೇಬ್ರ ತಲೆ ಮೇಲೆ ಬಿದ್ರೆ ನನ್ ಗತಿ ಏನು?”

“ಬೇರೆ ದಾರ ಹಾಕ್ತೀನಿ ಸರ್.”

“ಹಾಕಿ. ಆಗ್ಲಿಲ್ಲ ಅಂದ್ರೆ ರೋಬೋಟ್ ಮೂಲೇಲಿ ಇಟ್ಬಿಟ್ಟು ನೀವೇ ಮೈಕ್ ಮುಂದೆ ನಾಲ್ಕು ಮಾತು ಸ್ವಾಗತ ಹೇಳ್ಬಿಡಿ. ಅದ್ರಲ್ಲೇನಿದೆ?”

ಪ್ರಿಯಾಂಕಳ ಪಾಲಿಗೆ ಎಲ್ಲವೂ ಅದರಲ್ಲೇ ಇತ್ತು. ಅತಿಥಿ ಶಿಕ್ಷಕಿಯಾಗಿ ಬಂದ ಮೇಲೆ ಮಕ್ಕಳ ಎದುರು ಅವಳು ಬೆಳಗಿನಿಂದ ಸಂಜೆಯವರೆಗೂ ವಿಜ್ಞಾನ ಹೇಳಬಲ್ಲಳು. ದೊಡ್ಡವರು ಕುರ್ಚಿ ಹಾಕಿಕೊಂಡು ಎದುರಿಗೆ ಕೂತರೆ ಮಾತ್ರ ಅವಳ ದನಿ, ನಾಯಿ ಕಂಡ ಬೆಕ್ಕು ಅಟ್ಟ ಹತ್ತಿದಂತೆ ಎಲ್ಲೋ ಹತ್ತಿ ಕೂತುಬಿಡುತ್ತಿತ್ತು. ಶಾಲೆಯ ಹೊಸ ಪ್ರಯೋಗಾಲಯದ ಉದ್ಘಾಟನೆಗೆ ಸ್ವಾಗತ ಭಾಷಣ ಅವಳದೇ ಎಂದು ಹೆಡ್‌ಮಾಸ್ಟರು ಹೇಳಿದ ದಿನವೇ ಅವಳು ರೋಬೋಟ್ ಕಟ್ಟಲು ಕೂತಿದ್ದಳು. ಅತಿಥಿಗಳ ಹೆಸರಿರುವ ಬ್ಯಾನರನ್ನು ಎಲ್ಲರ ತಲೆಗಿಂತ ಮೇಲಕ್ಕೆತ್ತಿ ಹಿಡಿಯುವ ರೋಬೋಟ್. ಅದೇ ಸ್ವಾಗತ, ಮಾತು ಬೇಡ. ಪೇಪರಿನವರು ಫೋಟೋ ತೆಗೆಯುತ್ತಾರೆಂದು ಹೆಡ್‌ಮಾಸ್ಟರೂ ಒಪ್ಪಿದ್ದರು. ಜಗತ್ತಿನಲ್ಲಿ ಯಾರು ಯಾರೋ ಏನೇನಕ್ಕೋ ರೋಬೋಟ್ ಮಾಡುತ್ತಾರೆ. ಇದನ್ನು ಮಾಡಿದ್ದು ಒಬ್ಬ ಹುಡುಗಿಯನ್ನು ಮೈಕಿನಿಂದ ಉಳಿಸಲಿಕ್ಕೆ.

ಟೇಬಲ್ಲಿನ ಡ್ರಾಯರಿಗೆ ಹಾಕುವ ಕಬ್ಬಿಣದ ಹಳಿಗಳನ್ನು ಒಂದರೊಳಗೊಂದು ಕೂಡಿಸಿ ಲಿಫ್ಟ್ ಮಾಡಿದ್ದಳು. ಮೋಟರು ದಾರವನ್ನು ಸುತ್ತಿಕೊಂಡಂತೆ ಹಳಿಗಳು ಒಂದರ ಮೇಲೊಂದು ಏರಬೇಕು. ಏರುತ್ತಲೂ ಇದ್ದವು. ತೊಂದರೆಯೆಲ್ಲ ದಾರದ್ದು. ನೈಲಾನು ಭಾರ ಬಿದ್ದರೆ, ಗೇಟಿನ ಬಳಿ ನಿಂತು ಹೊರಡುತ್ತೇನೆನ್ನುವ ನೆಂಟರ ಮಾತಿನಂತೆ ಹಿಗ್ಗುತ್ತಲೇ ಹೋಗುತ್ತಿತ್ತು, ಕೊನೆಗೆ ಹರಿಯಿತು. ಹತ್ತಿಯದು ಹಳಿಯ ತುದಿಯಲ್ಲಿದ್ದ ರಾಟೆಗೆ ಉಜ್ಜಿ ಜೂಲೇಳುತ್ತಿತ್ತು. ತೆಳ್ಳಗಿದ್ದೂ ಹಿಗ್ಗದ, ಉಕ್ಕಿನಂಥ ದಾರವೊಂದಿದೆಯೆಂದು ಅವಳಿಗೆ ಗೊತ್ತಿತ್ತು. ಆದರೆ ಆನ್‌ಲೈನಿನಲ್ಲಿ ತರಿಸಿದರೆ ಅದು ಬರುವುದು ಗುರುವಾರ, ಸಾಹೇಬರು ಬರುವುದು ಇವತ್ತು.

ಮನೆಮನೆಯಲ್ಲೂ ಮಗ್ಗ ಕಟಕಟ ಎನ್ನುವ ದೊಡ್ಡಬಳ್ಳಾಪುರದಲ್ಲಿ ದಾರಕ್ಕಾಗಿ ಅಲೆಯುವುದು ಎಂಥ ನಾಚಿಕೆಗೇಡು ಎಂದುಕೊಳ್ಳುತ್ತಲೇ ಅವಳು ಅಂಗಡಿ ಅಂಗಡಿ ಹತ್ತಿಳಿದಳು. ಎಲ್ಲರೂ ತೋರಿಸಿದ್ದು ನೈಲಾನು ಹಗ್ಗವನ್ನೇ.

“ಎಮ್ಮೆ ಕಟ್ಟಿದ್ರೂ ಕಿತ್ಕೊಳಲ್ಲ ಮೇಡಂ.”

“ಎಮ್ಮೆ ಅಲ್ಲ, ಬ್ಯಾನರು,” ಎಂದು ಅವಳು ಮೆಲ್ಲಗೆ ಹೇಳಿ ಇಳಿದು ಬಂದಳು.

ಹಳೇ ಬಸ್‌ಸ್ಟ್ಯಾಂಡಿನ ಪಕ್ಕ ಗಾಳ, ಬಲೆ ಮಾರುವ ಮುನಿಸ್ವಾಮಿಯ ಅಂಗಡಿಗೆ ಅವಳು ಹೋದದ್ದು ಬೇರೆ ಅಂಗಡಿ ಉಳಿದಿರಲಿಲ್ಲವೆಂದು. ಅವನು ಅವಳ ಮಾತು ಪೂರ್ತಿ ಕೇಳದೆಯೇ ಒಳಗಿಂದ ಒಂದು ರೀಲು ತಂದ.

“ಇದೋ ನೋಡಿ. ಭಾನುವಾರ ಕೆರೆಗೆ ಬರೋ ಬೆಂಗ್ಳೂರು ಹುಡುಗ್ರು ಇದೇ ಬೇಕು ಅಂತಾರೆ. ಎಂಥ ಮೀನು ಜಗ್ಗಿದ್ರೂ ಹಿಗ್ಗಲ್ಲ.”

ಹಸಿರು ಬಣ್ಣದ, ಸಣ್ಣಗೆ ಹೆಣೆದ ದಾರ. ಪ್ರಿಯಾಂಕ ಎರಡೂ ಕೈಯಲ್ಲಿ ಹಿಡಿದು ಎಳೆದಳು. ಬೆರಳು ಕೊಯ್ದಂತಾಯಿತು, ದಾರ ಕೂದಲೆಳೆಯಷ್ಟೂ ಹಿಗ್ಗಲಿಲ್ಲ. ಅವಳ ಕಣ್ಣು ತುಂಬಿ ಬಂತು.

“ಇಷ್ಟೇ ಉಳಿದಿರೋದು ಕಣಮ್ಮ. ಮತ್ತೆ ಸಿಟಿಗೆ ಹೋದಾಗ್ಲೇ. ಯಾವ ಮೀನಿಗೆ?”

“ಬ್ಯಾನರ್ ಎತ್ತೋಕೆ.”

ಮುನಿಸ್ವಾಮಿ ಅಂಥ ಮೀನೊಂದಿರಬಹುದೇ ಎಂದು ಕೊಂಚ ಯೋಚಿಸಿದ. “ಒಳ್ಳೇದಾಗ್ಲಿ,” ಎಂದ.

ಅಳತೆ ಹಾಕಿದರೆ ಸರಿಯಾಗಿ ಸಾಕಾಗುವಷ್ಟಿತ್ತು, ಗಂಟಿಗೆ ಬೇಕಾದಷ್ಟು ಸೇರಿ. ಇನ್ನು ಪೇಟೆ ಬೀದಿ ದಾಟಿದರೆ ಶಾಲೆ. ಅವಳು ಮರೆತದ್ದು ಆ ಬೀದಿಯ ಅಭ್ಯಾಸವನ್ನು. ಅಲ್ಲಿ ಅಳಿಯನನ್ನು ಒಂದು ಫೋಟೋ ನೋಡಿ ಒಪ್ಪಿಕೊಂಡಾರು, ಹೊಸ ದಾರವನ್ನು ಸುಟ್ಟು ನೋಡದೆ ನಂಬಿದವರಿಲ್ಲ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ. ಕರಗಿ ಮೆಣಸಿನಕಾಳಿನಂತೆ ಉಂಡೆ ಕಟ್ಟಿದರೆ ಪಾಲಿಯೆಸ್ಟರ್.

ಜಗಲಿಯ ಮೇಲೆ ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದ ಪಾಪಕ್ಕನ ಕಣ್ಣಿಗೆ ಹಸಿರು ದಾರ ಬಿತ್ತು.

“ಏನವ್ವಾ ಮಿಸ್ಸು, ಕೈಯಾಗೆ ಯಾವ್ದದು? ತಾ ಇಲ್ಲಿ.”

ಕೊಡದಿರುವುದು ಹೇಗೆಂದು ಪ್ರಿಯಾಂಕಳಿಗೆ ತಿಳಿಯಲಿಲ್ಲ. ಪಾಪಕ್ಕ ತುದಿಯನ್ನು ಹಲ್ಲಿಗಿಟ್ಟು ಕಚ್ಚಿದಳು. ಬರಲಿಲ್ಲ. ದವಡೆಗಿಟ್ಟಳು. ಆಗಲೂ ಬರಲಿಲ್ಲ.

“ನನ್ ಹಲ್ಲಿಗೆ ಬಗ್ದೇ ಇರೋ ದಾರ ಈ ಪೇಟೆಗೆ ಬಂದೇ ಇಲ್ಲ,” ಎಂದು ಅವಮಾನವಾದವಳಂತೆ ಕತ್ತರಿ ತೆಗೆದು ಒಂದು ಗೇಣು ಕತ್ತರಿಸಿಯೇಬಿಟ್ಟಳು.

‘ಬೇಡ, ಅಳತೆಗೆ ಸರಿಯಾಗಿದೆ, ದಮ್ಮಯ್ಯ’ ಎಂದು ಪ್ರಿಯಾಂಕ ಮನಸ್ಸಿನಲ್ಲಿ ಕೂಗಿದಳು. ಬಾಯಿಂದ ಬಂದದ್ದು “ಅದು...” ಎಂಬುದಷ್ಟೇ.

ಕಡ್ಡಿ ಗೀರಿ, ಸುಟ್ಟು, ಮೂಸಿ, ಪಾಪಕ್ಕ ಹುಬ್ಬು ಗಂಟಿಕ್ಕಿದಳು. “ರೇಷ್ಮೆ ಅಲ್ಲ. ಪಾಲಿಷ್ಟರೂ ಅಲ್ಲ. ಕರೆಂಟ್ ಹೋದಾಗ ಹಚ್ತೀವಲ್ಲ, ಆ ಮೇಣದ ಬತ್ತಿ ವಾಸ್ನೆ ಬತ್ತೈತೆ. ಲೇ ನರಸಮ್ಮ, ಬಾ ಇಲ್ಲಿ.”

ಎದುರುಮನೆ ನರಸಮ್ಮ ಇನ್ನೊಬ್ಬರ ಮೂಗನ್ನು ನಂಬುವವಳಲ್ಲ. ತನ್ನದೇ ಬೆಂಕಿಪೊಟ್ಟಣ ತಂದು, ಒಂದು ಗೇಣಿನಲ್ಲಿ ಏನು ಗೊತ್ತಾದೀತೆಂದು ಒಂದು ಮೊಳ ಕತ್ತರಿಸಿಕೊಂಡಳು. “ಮೇಣ ಎಲ್ಲಿಂದ ಬಂತೇ? ಹಾಲು ಉಕ್ಕಿ ಒಲೆಗೆ ಬಿದ್ದ ವಾಸ್ನೆ ಇದು.” “ನಿನ್ ಮೂಗಿಗೆ ನೆಗಡಿ.” “ನಿನ್ ಮೂಗಿಗೆ ನಸ್ಯ.” ಕೊನೆಗೆ ಇಬ್ಬರೂ ದಾರ ಹಿಡಿದು ಮಗ್ಗದ ಮಾಲೀಕ ಅಪ್ಪಯ್ಯಣ್ಣನ ಬಳಿಗೆ ನ್ಯಾಯಕ್ಕೆ ನಡೆದರು. ಪ್ರಿಯಾಂಕ ಕರುವಿನಂತೆ ಹಿಂದೆ ಹೋದಳು.

ನೂಲಿನ ವಿಷಯದಲ್ಲಿ ಅಪ್ಪಯ್ಯಣ್ಣ ಹೇಳಿದ್ದೇ ಕೊನೆ. ಅವನು ಕನ್ನಡಕ ಹಾಕಿಕೊಂಡು ದಾರವನ್ನು ಜಗ್ಗಿದ, ಮಗ್ಗದ ಕಾಲಿಗೆ ಸುತ್ತಿ ತೂಗಿದ. ಮುಖ ಅರಳಿತು. “ಏನ್ ಗಟ್ಟಿ ಐತ್ರಲಾ ಇದು,” ಎಂದು ಕತ್ತರಿಗೆ ತಡಕಾಡಿದ. ಸಿಗಲಿಲ್ಲ. ಕಡ್ಡಿ ಗೀರಿ ನಡುಮಧ್ಯಕ್ಕೆ ಹಿಡಿದ.

“ಬೇಡ,” ಎಂದು ಪ್ರಿಯಾಂಕ ಕಿರುಚಿದಳು. ಹುಟ್ಟಿದ ಮೇಲೆ ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದು ಅದೇ ಮೊದಲು. ಸುತ್ತ ಮಗ್ಗಗಳು ಓಡುತ್ತಿದ್ದವು, ಅವಳಿಗೇ ಕೇಳಿಸಲಿಲ್ಲ. ಯಾವ ಬಲಕ್ಕೂ ಜಗ್ಗದ ದಾರ ಬೆಂಕಿ ಸೋಕಿದ್ದೇ ತುಪ್ಪದಂತೆ ಕರಗಿ ಎರಡಾಯಿತು.

ಅಪ್ಪಯ್ಯಣ್ಣ ಎರಡೂ ತುದಿ ಹಿಡಿದುಕೊಂಡು ಅವಳ ಮುಖ ನೋಡಿದ. ಹೋಗಿ ಮಗ್ಗಗಳನ್ನು ನಿಲ್ಲಿಸಿ ಬಂದ.

“ಇದು ಯಾತಕ್ಕೆ ತಂದಿದ್ದೆ ಮಗಾ?”

ಬೀದಿಯಲ್ಲಿ ಕೊನೆಗೂ ಒಬ್ಬರು ಅದನ್ನು ಕೇಳಿದ್ದರು. ಅವಳು ರೋಬೋಟ್, ಬ್ಯಾನರು, ಸಾಹೇಬರು ಎಂದು ಹೇಳಿದಳು. ಮೈಕಿನ ವಿಷಯ ಬಂದಾಗ ದನಿ ಸಣ್ಣದಾಯಿತು.

“ಮೊದ್ಲೇ ಯೋಳ್ಬಾರ್ದಾ?”

“ಯೋಳೋಕೆ ಬಂತು ಕಣಪ್ಪ ಪಾಪ. ನಾವೇ ಬುಡ್ಲಿಲ್ಲ,” ಎನ್ನುತ್ತ ಪಾಪಕ್ಕ ಸೆರಗಿನಲ್ಲಿ ಅವಳ ಕೆನ್ನೆ ಒರೆಸಿದಳು. ನರಸಮ್ಮ ಕಾಫಿ ತಂದಳು. ಅಪ್ಪಯ್ಯಣ್ಣ ಗಂಟು ಹಾಕಿಕೊಡುತ್ತೇನೆಂದ; ಗಂಟು ರಾಟೆಯಲ್ಲಿ ಸಿಕ್ಕಿಕೊಳ್ಳುತ್ತದೆಂದು ಅವಳಿಗೆ ಗೊತ್ತಿತ್ತು. “ಪರವಾಗಿಲ್ಲ,” ಎಂದಳು. ಅವಳಿಗೆ ಸಲೀಸಾಗಿ ಬರುತ್ತಿದ್ದ ಮಾತು ಅದೊಂದೇ.

ಶಾಲೆಗೆ ಬಂದು ಉದ್ದನೆಯ ತುಂಡನ್ನು ಹಾಕಿ ನೋಡಿದಳು. ಬ್ಯಾನರು ಸೊಂಟದ ಮಟ್ಟಕ್ಕೆ ಬಂದು ನಿಂತಿತು. ಅತಿಥಿಗಳ ಎದುರು ಹಿಡಿದರೆ ಎಲ್ಲರೂ ಒಂದೇ ಪಂಚೆ ಉಟ್ಟಂತೆ ಕಾಣಬಹುದಿತ್ತು. ಮೈಕಿನವನು ಆಗಲೇ “ಹಲೋ, ಹಲೋ” ಎನ್ನುತ್ತಿದ್ದ. ಆ ಸದ್ದಿಗೆ ಅವಳ ಬುದ್ಧಿ ಚುರುಕಾಯಿತು. ಸ್ಟಾಫ್‌ರೂಮಿನ ಮೇಜುಗಳನ್ನು ವೇದಿಕೆಗೆ ತಂದು ಒಂದರ ಮೇಲೊಂದಿಟ್ಟು, ಅದರ ಮೇಲೆ ರೋಬೋಟ್ ಕೂರಿಸಿ, ಸುತ್ತ ಬಟ್ಟೆ ಇಳಿಬಿಟ್ಟು, ತಾನು ಹಿಂದೆ ಅಡಗಿ ಕೂತಳು.

ಸಾಹೇಬರು ಬಂದರು. ಅವಳು ಸ್ವಿಚ್ ಒತ್ತಿದಳು. ಹಳಿಗಳು ಸರಸರನೆ ಏರಿ, ಬ್ಯಾನರು ಒಂದಿಷ್ಟೂ ತೊನೆಯದೆ ಎಲ್ಲರ ತಲೆಯ ಮೇಲೆ ನಿಂತಿತು. ಚಪ್ಪಾಳೆ ಬಿತ್ತು. ಬಟ್ಟೆಯ ಹಿಂದಿನ ಕತ್ತಲಲ್ಲಿ ಪ್ರಿಯಾಂಕ ಮೊಣಕಾಲಿಗೆ ಹಣೆಯಿಟ್ಟು ಉಸಿರು ಬಿಟ್ಟಳು. ಮೈಕಿನಿಂದ ಬಚಾವಾದಳು.

ಆಗ ಸಭೆಯಲ್ಲಿ ಅಪ್ಪಯ್ಯಣ್ಣ ಎದ್ದು ನಿಂತ. ಮಗ್ಗ ನಿಲ್ಲಿಸಿ ಬೀದಿಗೆ ಬೀದಿಯೇ ಬಂದು ಕೂತಿತ್ತು.

“ಸ್ವಾಮಿ, ಎತ್ತಿದ್ದೆಲ್ಲ ಸರಿ. ಆ ದಾರ ಯಾವ್ದು ಅಂತ ಯೋಳ್ಲಿ. ಮೂರು ಜನ ಸುಟ್ಟು ನೋಡಿದ್ರೂ ನಮಗೆ ಗೊತ್ತಾಗ್ಲಿಲ್ಲ.”

“ಆ ಮಗೀನೇ ಯೋಳ್ಲಿ,” ಎಂದಳು ಪಾಪಕ್ಕ. “ಬೆಳಿಗ್ಗೆ ನಾವು ಅದರ ಮಾತು ಕೇಳ್ಲಿಲ್ಲ. ಈವಾಗ ಕೂತ್ಕಂಡು ಕೇಳ್ತೀವಿ.”

ಅದು ಅವರ ಕ್ಷಮಾಪಣೆ. ಬೇಡವೆನ್ನುವುದು ಹೇಗೆ? ಹೆಡ್‌ಮಾಸ್ಟರು ಬಟ್ಟೆ ಸರಿಸಿ ಅವಳನ್ನು ಹೊರಗೆ ತಂದು ಕೈಗೆ ಮೈಕ್ ಕೊಟ್ಟರು. ದನಿ ಅಟ್ಟದ ಮೇಲಿತ್ತು. ಅವಳು ಪಾಪಕ್ಕನೊಬ್ಬಳನ್ನೇ ನೋಡಿದಳು.

“ಅಕ್ಕಾ, ನಿಮ್ಮ ಮೂಗು ಸರಿಯಾಗೇ ಹೇಳ್ತು,” ಎಂದಳು. “ಇದು ಮೇಣದ ನೆಂಟನೇ. ಹಾಲಿನ ಪ್ಯಾಕೆಟ್ ಇದೆಯಲ್ಲ, ಅದೇ ಜಾತಿ. ಆದರೆ ಇದರೊಳಗಿನ ಎಳೆಗಳನ್ನೆಲ್ಲ ನೀವು ಮಗ್ಗಕ್ಕೆ ಉದ್ದುದ್ದ ಹಾಸು ಹಾಸ್ತೀರಲ್ಲ, ಹಂಗೆ ಒಂದೇ ದಿಕ್ಕಿಗೆ ಎಳೆದು ಕೂರಿಸಿರ್ತಾರೆ. ಅದಕ್ಕೇ ಜಗ್ಗಿದ್ರೆ ಬರಲ್ಲ. ಬೆಂಕಿ ಮಾತ್ರ ತಡ್ಕೊಳಲ್ಲ.”

ನರಸಮ್ಮ ಒಂದು ಪ್ರಶ್ನೆ ಕೇಳಿದಳು. ಅದಕ್ಕೆ ಉತ್ತರ ಹೇಳುವಾಗ ರೇಷ್ಮೆ ಸುಟ್ಟರೆ ಕೂದಲಿನ ವಾಸನೆ ಏಕೆ ಎಂಬುದೂ ಬಂತು. ಜನ ನಕ್ಕರು, ತಲೆದೂಗಿದರು. ವೇದಿಕೆಯ ಕಾಫಿ ಆರಿಹೋಯಿತು. ಮುಗಿಸಿ, ಮೈಕನ್ನು ಮೇಜಿನ ಮೇಲಿಟ್ಟು ಇಳಿದಳು. ಮನಸ್ಸು ಹಗುರಾಗಿತ್ತು. ಆಗಿಹೋಯಿತಲ್ಲ, ಇನ್ನು ಜನ್ಮಕ್ಕೆ ಬೇಡ.

ಸಾಹೇಬರು ಮೈಕ್ ತೆಗೆದುಕೊಂಡರು. “ಇಂಥವರು ಇಡೀ ಜಿಲ್ಲೆಗೆ ಬೇಕು. ಮುಂದಿನ ವಾರ ನೆಲಮಂಗಲ, ಆಮೇಲೆ ದೇವನಹಳ್ಳಿ, ಹೊಸಕೋಟೆ. ಎಲ್ಲಾ ಕಡೆ ಈ ಮೇಡಂದೇ ಉಪನ್ಯಾಸ.”

ಪೇಟೆಯ ಚಪ್ಪಾಳೆ ನಿಲ್ಲಲೇ ಇಲ್ಲ. ಪ್ರಿಯಾಂಕ ಸಾಹೇಬರ ಬಳಿಗೆ ಓಡಿದಳು. ಮೇಜು, ಇಳಿಬಿಟ್ಟ ಬಟ್ಟೆ, ಅದರ ಹಿಂದಿನ ಕತ್ತಲು ಎಲ್ಲವೂ ಅವಳ ಕಣ್ಣ ಮುಂದಿತ್ತು.

“ಸರ್, ರೋಬೋಟ್ ತಗೊಂಡು ಬರ್ತೀನಿ ಸರ್. ಎಲ್ಲಾ ಅದೇ ಮಾಡುತ್ತೆ.”

“ಅಯ್ಯೋ, ಅಷ್ಟು ಭಾರ ಎಲ್ಲಿ ಹೊತ್ಕೊಂಡು ತಿರುಗ್ತೀರಮ್ಮ,” ಎಂದರು ಸಾಹೇಬರು ಅಕ್ಕರೆಯಿಂದ. “ಅದು ಇಲ್ಲೇ ಇರ್ಲಿ. ನೀವೊಬ್ರು ಬಂದು ಮಾತಾಡಿದ್ರೆ ಸಾಕು.”