ಬೇಕರಿ ಮೆಟ್ಟಿಲ ನಾಯಿಯವರಿಗೆ, ಇದ್ದಲಾದ ಅರವತ್ತು ಬ್ರೆಡ್ಡಿನ ವಿಷಯವಾಗಿ

ಮಾನ್ಯರೇ,

ಬೇಕರಿಯ ಮೂರನೇ ಮೆಟ್ಟಿಲನ್ನು ಸದಾ ಅಲಂಕರಿಸಿರುವ ತಮ್ಮ ನಾಲ್ಕೂ ಪಾದಗಳಿಗೆ, ಹದಿನೆಂಟು ವರ್ಷ ಒಲೆಯ ಮುಂದೆ ಬೆಂದವನ ನಮಸ್ಕಾರಗಳು. ತಾವೂ ತಮ್ಮ ಕಿವಿಯ ಉಣ್ಣಿಗಳೂ ಕ್ಷೇಮವೆಂದು ನಂಬಿದ್ದೇನೆ.

ನೆಂಟನಂತೆ ಬಂದ ನೆಗಡಿಯೊಂದು ಮನೆ ಅಳಿಯನಂತೆ ನನ್ನ ಮೂಗಿನಲ್ಲೇ ಉಳಿದು, ಮೊದಲು ವೆನಿಲ್ಲಾ, ಆಮೇಲೆ ಬೆಣ್ಣೆ, ಕೊನೆಗೆ ಬೇಯುವ ಬ್ರೆಡ್ಡಿನ ವಾಸನೆಯನ್ನೂ ಹೊರಗೆ ಹಾಕಿದ್ದು ಎರಡೂವರೆ ವರ್ಷ ತಮ್ಮೊಬ್ಬರಿಗೇ ಗೊತ್ತಿತ್ತು. ಊಟವೆಂದರೆ ರಟ್ಟು ಅಗಿದಂತಾಗಿದ್ದರೂ ನಾನು ಬಾಯಿ ಬಿಡಲಿಲ್ಲ. ಏಕೆಂದರೆ ನಮ್ಮ ಹಳೆಯ ಒಲೆ ಗಡಿಯಾರದ ಮಾತು ಕೇಳುವುದಿಲ್ಲ, ಬ್ರೆಡ್ಡಿನ ಹದವನ್ನು ಮೂಗೇ ಹೇಳಬೇಕು, ಮೂಗಿಲ್ಲದವನನ್ನು ಯಜಮಾನರು ಯಾಕೆ ಇಟ್ಟುಕೊಂಡಾರು? ಆಗ ಕಂಡದ್ದು ತಮ್ಮ ಪ್ರತಿಭೆ. ಬ್ರೆಡ್ ಬೆಂದ ಆ ಗಳಿಗೆಗೆ ಸರಿಯಾಗಿ ತಾವು ಎದ್ದು ಮೈಮುರಿಯುತ್ತಿದ್ದಿರಿ, ನಾನು ತಟ್ಟೆ ಎಳೆಯುತ್ತಿದ್ದೆ. ಹೊಗಳಿಕೆ ನನಗೆ, ಬ್ರೆಡ್ಡಿನ ತುದಿ ತಮಗೆ.

ಹೀಗಿರುವಾಗ, ಮೂರು ತಿಂಗಳ ಹಿಂದಿನ ಆ ಮಂಗಳವಾರ, ಎದುರಿನ ಟೈಲರ್ ಅಂಗಡಿಯ ಬಿಳಿ ನಾಯಿಯ ಹಿಂದೆ ತಾವು ಒಂದು ಮಾತೂ ಹೇಳದೆ ಹೊರಟುಹೋದದ್ದು ಧರ್ಮವೇ? ಸಂಜೆಗೆ ಮರಳಿದಿರಿ ನಿಜ, ಪ್ರೇಮಕ್ಕೂ ನಾನು ಅಡ್ಡ ಬರುವವನಲ್ಲ. ಆದರೆ ಮೆಟ್ಟಿಲ ಮೇಲೆ ಬಿದ್ದಿದ್ದ ಕಂದು ಗೋಣಿಚೀಲವನ್ನೇ ತಾವೆಂದು ನಂಬಿ, ತಾವಿನ್ನೂ ಏಳಲಿಲ್ಲವಲ್ಲ ಎಂದು ನಾನು ಹಾಯಾಗಿ ಹಿಟ್ಟು ನಾದುತ್ತಿದ್ದಾಗ, ಬೆನ್ನ ಹಿಂದೆ ಅರವತ್ತು ಬ್ರೆಡ್ ಇದ್ದಲಾದವು. ಗಲ್ಲಾದಲ್ಲಿ ಕೂರುವ ನನ್ನ ಹೆಂಡತಿ ಓಡಿಬಂದಳು.

"ರೀ, ಒಲೆ ಮುಂದೇನೇ ನಿಂತಿದ್ದೀರಲ್ಲ, ವಾಸನೆ ಬರ್ಲಿಲ್ವಾ?"

"ಬರಲ್ಲ ಕಣೇ. ಎರಡೂವರೆ ವರ್ಷ ಆಯ್ತು."

ಅವಳು ಹೊಗೆಯಾಡುವ ತಟ್ಟೆಯನ್ನು ಎಳೆದು ನೆಲಕ್ಕಿಟ್ಟಳು. "ಮತ್ತೆ ನಾನು ಹೊಸ ಸೋಪು ತಂದಾಗೆಲ್ಲ ಘಮ್ ಅಂತಿದೆ ಅಂತಿದ್ರಲ್ಲ?"

ಮರುದಿನವೇ ಅವಳು ನನ್ನನ್ನು ಡಾಕ್ಟರ ಮುಂದೆ ಕೂರಿಸಿದಳು. ಒಳಗೆಲ್ಲ ಊತ, ದ್ರಾಕ್ಷಿಯಂಥ ಗಡ್ಡೆಗಳು, ವಾಸನೆಯ ದಾರಿಯೇ ಮುಚ್ಚಿದೆ ಎಂದರು. ದಿನಾ ಉಪ್ಪುನೀರಿನಲ್ಲಿ ತೊಳೆದು ಸ್ಪ್ರೇ ಹೊಡೆದುಕೊಳ್ಳಬೇಕು. ವಾಸನೆ ಬಂದರೂ ಬಂದೀತು. "ನೆಗಡಿ ತಾನೇ ಅಂತ ಇಷ್ಟು ದಿನ ಕೂತ್ರಾ?" ಎಂದು ಬೈದರು ಕೂಡ. ಯಜಮಾನರು ಒಂದು ವಾರ ಮುಖ ತಿರುಗಿಸಿದರೇ ಹೊರತು ಕೆಲಸ ಕಿತ್ತುಕೊಳ್ಳಲಿಲ್ಲ. ಹದ ಮೂಸುವ ಹೊಣೆ ಈಗ ಹೆಂಡತಿಯದು. ಅವಳು ನನಗಿಂತ ಚುರುಕು, ತಮಗಿಂತ ನಿಯತ್ತಿನವಳು.

ಆದರೂ, ಅವಳಿಗೆ ರಜೆ ಬೇಕಾದ ದಿನಗಳಿಗಾಗಿ, ತಾವು ಮುಂದಿನ ಪ್ರೇಮಪ್ರಕರಣಗಳನ್ನು ಬೇಕರಿಯ ರಜಾದಿನಗಳಿಗೇ ಸೀಮಿತಗೊಳಿಸಬೇಕೆಂದೂ, ಅನಿವಾರ್ಯವಾದರೆ ಸಮಾನ ಮೂಗಿನ ಅರ್ಹತೆಯುಳ್ಳ ಬದಲಿ ನಾಯಿಯೊಬ್ಬರನ್ನು ನೇಮಿಸಿ, ಪಂಜದ ಗುರುತು ಒತ್ತಿದ ರಜಾ ಅರ್ಜಿಯನ್ನು ಮೆಟ್ಟಿಲ ಮೇಲಿಟ್ಟು ತೆರಳಬೇಕೆಂದೂ ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ತಮ್ಮ ಮೂಗಿನಿಂದ ಎರಡೂವರೆ ವರ್ಷ ಬದುಕಿದ ಒಲೆಯವ

ವಿ.ಸೂ.: ನಿನ್ನೆ ಬೆಳಿಗ್ಗೆ ತಾವು ಬಂದು ಪಕ್ಕದಲ್ಲಿ ಕೂತಾಗ ಏನೋ ಒಂದು ನನ್ನ ಮೂಗಿಗೆ ಬಡಿಯಿತು. ಹೆಂಡತಿಯನ್ನು ಕೂಗಿದೆ. ಅವಳು ಮೂಸಿ, ನಕ್ಕು, ಕಣ್ಣೊರೆಸಿಕೊಂಡಳು. ಅದು ತಮ್ಮದೇ ವಾಸನೆಯಂತೆ. ದಯಮಾಡಿ ಸ್ನಾನ ಮಾಡಿ. ಆದರೆ ಅವಸರವೇನಿಲ್ಲ, ಆ ವಾಸನೆ ನನಗೆ ಇನ್ನೊಂದೆರಡು ದಿನ ಬೇಕು.