ಒಂದು ಎತ್ತಿನ ಬೆಲೆಯ ಗ್ರಾಫಿಕ್ಸ್ ಕಾರ್ಡ್

ಎದುರಿಗೆ ಸಿಕ್ಕವರ ಮುಂದೆಲ್ಲ ಮೊಮ್ಮಕ್ಕಳನ್ನು ಹೊಗಳುವ ಮುದುಕರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಆದ್ದರಿಂದ ನನ್ನ ಮೊಮ್ಮಗಳು ಗೌರಿಯನ್ನು ಇಲ್ಲಿ ಹೊಗಳುವುದಿಲ್ಲ. ಅವಳಂಥ ಜಾಣೆ ಈ ಸೀಮೆಯಲ್ಲಿ ಇನ್ನೊಬ್ಬಳಿಲ್ಲ ಎಂಬ ಸಂಗತಿಯನ್ನಷ್ಟೇ ತಿಳಿಸಿ ಮುಂದೆ ಹೋಗುತ್ತೇನೆ. ಮಲ್ಲಸಮುದ್ರದ ನಮ್ಮ ಓಣಿಯವರಿಗೆಲ್ಲ ಇದನ್ನು ಹೇಳಿ ಮುಗಿದಿದೆ. ಈಗೀಗ ಅವರು ನನ್ನನ್ನು ದೂರದಿಂದ ಕಂಡರೂ ಸಾಕು, ಏನೋ ಅವಸರದ ಕೆಲಸ ನೆನಪು ಮಾಡಿಕೊಳ್ಳುತ್ತಾರೆ. ಅದಕ್ಕೇ ಬರೆಯಲು ಕುಳಿತೆ. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಆದರೂ ಬರವಣಿಗೆಯಲ್ಲಿ ಒಂದು ಅನುಕೂಲವಿದೆ: ಓದುವವರು ನಡುವೆ ಎದ್ದುಹೋದರೆ ಬರೆದವನಿಗೆ ಗೊತ್ತಾಗುವುದಿಲ್ಲ.

ಇನ್ನೂ ಪಾಯಾ ತೋಡದ ಮನೆಯೊಳಗೆ ಜನರನ್ನು ಅಡ್ಡಾಡಿಸುವುದು ಗೌರಿಯ ಉದ್ಯೋಗ. ಎಂಜಿನಿಯರರು ಕಾಗದದ ಮೇಲೆ ಗೀಚಿಕೊಟ್ಟದ್ದನ್ನು ಇವಳು ಕಂಪ್ಯೂಟರಿನಲ್ಲಿ ಮನೆಯಾಗಿ ನಿಲ್ಲಿಸುತ್ತಾಳೆ. ಬಾಗಿಲು ತೆರೆಯುತ್ತದೆ, ಪಡಸಾಲೆ ಕಾಣುತ್ತದೆ, ಕಿಟಕಿಯಿಂದ ಮುಂಜಾನೆಯ ಬಿಸಿಲು ಬೀಳುತ್ತದೆ. ನಾನು ಕಟ್ಟಿಸಿದ ಮನೆಗೆ ಇವತ್ತಿಗೂ ಅಷ್ಟು ಬಿಸಿಲು ಬಿದ್ದಿಲ್ಲ. ಕಂಪ್ಯೂಟರಾದರೂ ಸಾಧಾರಣದ್ದಲ್ಲ. ನನ್ನ ಮಗ ಬಸವರಾಜ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ತುಟ್ಟಿಯದನ್ನು ಕೊಡಿಸಿದ್ದ. ಒಂದು ಮಗ್ಗುಲಿಗೆ ಗಾಜು, ಒಳಗೆ ಬಣ್ಣದ ದೀಪ. ಹಬ್ಬವಿಲ್ಲದ ದಿನವೂ ಅದರ ಹೊಟ್ಟೆಯೊಳಗೆ ದೀಪಾವಳಿ.

ಹೀಗಿರುವಾಗ ಲಕ್ಷ್ಮೇಶ್ವರದ ಸಾವಕಾರರೊಬ್ಬರ ದೊಡ್ಡ ಮನೆಯ ಕೆಲಸ ಬಂತು. ಗೌರಿ ಸ್ವಂತವಾಗಿ ಹಿಡಿದ ಮೊದಲ ದೊಡ್ಡ ಕೆಲಸ. ಸೋಮವಾರ ಗಂಡ ಹೆಂಡತಿ ಬಂದು ನೋಡುವವರಿದ್ದರು. ಒಪ್ಪಿದರೆ ಅವರ ತಮ್ಮಂದಿರ ಮನೆಗಳೂ ಇವಳಿಗೇ. ಇಲ್ಲವಾದರೆ ಎಲ್ಲವೂ ಇದೇ ಉದ್ಯೋಗದ ಹುಬ್ಬಳ್ಳಿಯವರಿಗೆ. ಆದರೆ ಆ ಮನೆ ಎಷ್ಟು ದೊಡ್ಡದಿತ್ತೆಂದರೆ, ಪಡಸಾಲೆಗೆ ಕಾಲಿಟ್ಟ ಕೂಡಲೇ ಕಂಪ್ಯೂಟರು ದಣಿದು ನಿಂತುಬಿಡುತ್ತಿತ್ತು. ಗೌರಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

"ಬಾಕಿ ಎಲ್ಲಾ ಚಲೋ ಐತಿ ಅಜ್ಜಾ. ಚಿತ್ರಾ ಮೂಡಸೂ ಕಾರ್ಡಿಗೆ ಶಕ್ತಿ ಸಾಲವಲ್ತು" ಅಂದಳು.

"ಅಂದ್ರ ಚಕ್ಕಡಿ ಹೊಸಾದು, ಎತ್ತು ಬಡಕಲು."

"ಹಂಗ ತಿಳ್ಕೊ."

ಬಸವರಾಜ ಸಿಟ್ಟಾದ. "ತುಟ್ಟೀ ಕಂಪ್ಯೂಟರ್ ಕೊಡಿಸಿದ್ದು ಸಾಲಲಿಲ್ಲ, ಈಗ ಅದರ ಹೊಟ್ಯಾಗ ಹಾಕಾಕ ಮತ್ತೊಂದು ತುಟ್ಟೀದು. ಮುಂದಿನ ವರ್ಷ ಇದರಕಿಂತ ಜೋರಿಂದು ಬರತೈತಿ, ಇದನ್ನ ಅರ್ಧಾ ಬೆಲಿಗೆ ಯಾರೂ ಕೇಳೂದಿಲ್ಲ ಯಪ್ಪಾ."

"ನಿನ್ನ ಲಗ್ನದ ಸೂಟು ಮರುದಿವಸ ಯಾರು ಕೇಳಿದ್ರಲೇ?" ಅಂದೆ. ಸೊಸೆ ಅಡಿಗೆಮನೆಯಲ್ಲಿ ಕೆಮ್ಮಿದಳು. ಚರ್ಚೆ ಮುಗಿಯಿತು.

ಟ್ರ್ಯಾಕ್ಟರ್ ಬಂದ ಮೇಲೆ ನನ್ನ ಜೋಡೆತ್ತುಗಳನ್ನು ಹಮ್ಮಿಗಿಯ ರೈತರೊಬ್ಬರಿಗೆ ಕೊಟ್ಟಿದ್ದೆ. ಆ ರೊಕ್ಕ ಬ್ಯಾಂಕಿನಲ್ಲಿ ಮಲಗಿತ್ತು. ಕಾರ್ಡಿನ ಬೆಲೆ ವಿಚಾರಿಸಿದಾಗ ಹೆಚ್ಚೂಕಡಿಮೆ ಒಂದು ಎತ್ತಿನಷ್ಟಾಯಿತು. ನನಗೆ ಲೆಕ್ಕ ತಿಳಿಯುವುದು ಈ ಅಳತೆಯಲ್ಲಿಯೇ. ಹೀಗಾಗಿ ರುಮಾಲು ಸುತ್ತಿ, ಹೆಗಲಿಗೆ ಟವೆಲ್ ಹಾಕಿಕೊಂಡು ಗೌರಿಯ ಸ್ಕೂಟಿಯ ಹಿಂದೆ ಕುಳಿತು ಗದಗಿನ ಅಂಗಡಿಗೆ ಹೋದೆ. ಎತ್ತಿನ ಬೆಲೆಯ ವಸ್ತುವನ್ನು ಎತ್ತು ಕೊಂಡ ಹಾಗೆಯೇ ಕೊಳ್ಳಬೇಕು ಎಂಬುದು ನನ್ನ ತಿಳಿವಳಿಕೆ.

ಅಂಗಡಿಯವ ಮೊದಲು ಅಗ್ಗದ್ದೊಂದನ್ನು ತೋರಿಸಿದ. "ಇದು ಸೆಕೆಂಡ್ ಹ್ಯಾಂಡ್ ರೀ ಅಜ್ಜಾರ. ಹಗಲೂ ರಾತ್ರಿ ಓಡಿಸ್ಯಾರ, ಆದ್ರೂ ಗಟ್ಟಿ ಐತಿ."

"ಎಷ್ಟು ಹಲ್ಲಿಂದು?" ಎತ್ತಿನ ವಯಸ್ಸು ಕೇಳುವ ಹಾಗೆಯೇ ಕೇಳಿದೆ.

ಅವನು ಗೌರಿಯ ಮುಖ ನೋಡಿದ. ಗೌರಿ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದಳು. ಹಗಲೂ ರಾತ್ರಿ ದುಡಿದದ್ದು ಬೇಡವೆಂದು ಹೊಸದನ್ನು ತರಿಸಿದೆ. ಕೈಯಲ್ಲಿ ಹಿಡಿದು ತೂಗಿದೆ, ಮೈ ತುಂಬಿಕೊಂಡಿತ್ತು. ಮೂರು ಫ್ಯಾನು, ಮನೆಗೆ ಕೇಡು ತರುವ ಸುಳಿ ಮೈಮೇಲೆ ಒಂದೂ ಇಲ್ಲ. ಹೂಡಿ ನೋಡದೆ ರೊಕ್ಕ ಕೊಡುವುದಿಲ್ಲ ಅಂದಾಗ ಪಾಪ, ಒಂದು ಕಂಪ್ಯೂಟರಿಗೆ ಹಾಕಿ ಓಡಿಸಿ ತೋರಿಸಿದ. ಏದುಸಿರು ಬಿಡಲಿಲ್ಲ. ಆಗ ನಾನು ಸಂಪ್ರದಾಯದಂತೆ ಅವನ ಬಲಗೈ ಹಿಡಿದು, ಮೇಲೆ ಟವೆಲ್ ಮುಚ್ಚಿ, ಒಳಗಿಂದೊಳಗೆ ಅವನ ಬೆರಳು ಒತ್ತಿ ನನ್ನ ಬೆಲೆ ತಿಳಿಸಿದೆ. ದನದ ಸಂತೆಯಲ್ಲಿ ಇದರಿಂದ ಪಕ್ಕದಲ್ಲಿ ನಿಂತವನಿಗೂ ಬೆಲೆ ಗೊತ್ತಾಗುವುದಿಲ್ಲ. ಇಲ್ಲಿ ಅಂಗಡಿಯವನಿಗೂ ಗೊತ್ತಾಗಲಿಲ್ಲ.

"ಅಜ್ಜಾರಿಗೆ ತಲಿ ತಿರಗಾಕ ಹತ್ತೈತೇನ್ರಿ?" ಎಂದು ಗಾಬರಿಯಿಂದ ನನ್ನನ್ನು ಕುರ್ಚಿಯ ಮೇಲೆ ಕೂಡಿಸಿ ನೀರು ಕೊಟ್ಟ. ಬೆಲೆ ಇಳಿಯಲಿಲ್ಲ. ನೀರು ಮಾತ್ರ ತಣ್ಣಗಿತ್ತು. ಮೇಲಾಗಿ ಈ ಕಾರ್ಡು ಕರೆಂಟು ಹೆಚ್ಚು ತಿನ್ನುತ್ತದೆಂದೂ, ಅದಕ್ಕೆ ಹೊಸ ಪವರ್ ಸಪ್ಲೈ ಬೇಕೆಂದೂ ಹೇಳಿದ. ದೊಡ್ಡ ಎತ್ತಿಗೆ ಮೇವು ಹೆಚ್ಚು, ಅದು ನ್ಯಾಯವೇ. ಹೀಗೆ ಎರಡನೆಯ ಎತ್ತಿನ ಒಂದು ಕಾಲೂ ಅಲ್ಲಿಯೇ ಹೋಯಿತು.

ಮನೆಗೆ ಬಂದು ಜೋಡಿಸಿದಳು. ಸಾವಕಾರರ ಮನೆಯೊಳಗೆ ಸರಸರ ಅಡ್ಡಾಡಿ ಹಿತ್ತಲಿಗೆ ಹೋಗಿ ಬಂದೆವು. ಹೊರಗಿನ ಕಟ್ಟೆಯ ಮೇಲೆ ಜೋಳದ ಚೀಲದಂಥದ್ದೊಂದು ಮೊದಲಿನಿಂದಲೂ ಮಸುಕಾಗಿ ಕಾಣುತ್ತಿತ್ತು. ಈಗ ನೋಡಿದರೆ ಅದು ನಾನು! ಚಿತ್ರದಲ್ಲಿ ಜನ ಇದ್ದರೆ ಮನೆಗೆ ಕಳೆ ಬರುತ್ತದೆಂದು ಗೌರಿ ನನ್ನನ್ನೇ ಮಾಡಿ ಕೂಡಿಸಿದ್ದಳು. ಅದೇ ರುಮಾಲು, ಕುರುಚಲು ಗಡ್ಡ, ಮುಖದ ಒಂದೊಂದು ಸುಕ್ಕೂ ಸ್ವಚ್ಛ. ನನ್ನ ಸುಕ್ಕುಗಳನ್ನು ಇಷ್ಟು ಸ್ಪಷ್ಟವಾಗಿ ನೋಡಲು ನಾನೇ ರೊಕ್ಕ ಕೊಟ್ಟಿದ್ದೆ. ಸಂತೋಷ ತಡೆಯಲಾಗದೆ ಓಣಿಗೆ ಹೊರಟೆ. ಓಣಿಯಲ್ಲಿ ಯಾರೂ ಇರಲಿಲ್ಲ.

ಸೋಮವಾರ ಸಾವಕಾರರು ಬರುವ ಹೊತ್ತಿಗೆ ನಾನು ನುಣ್ಣಗೆ ಗಡ್ಡ ಬೋಳಿಸಿ, ರುಮಾಲು ಬಿಟ್ಟು ಹೊಸ ಟೋಪಿ ಹಾಕಿ ಮೂಲೆಯಲ್ಲಿ ಕುಳಿತಿದ್ದೆ. ಅವರು ಮನೆಯೆಲ್ಲ ನೋಡಿ ತಲೆಯಾಡಿಸಿದರು. ಅವರ ಹೆಂಡತಿ ಮಾತ್ರ ಕಟ್ಟೆಯ ಹತ್ತಿರ ನಿಂತರು.

"ಮನಿ ಭಾಳ ಚಂದ ಆಗೈತವಾ. ಈ ಮುದುಕನ್ನ ಒಂದು ತಗದುಬಿಡು."

"ಅವ ಇರ್ಲಿ ಬಿಡ್ರಿ. ಕಟ್ಟಿ ಮ್ಯಾಲ ಹಿರ್ಯಾರು ಇದ್ರನ ಮನಿಗೆ ಕಳಾ" ಅಂದಳು ಗೌರಿ. ದನಿ ಗಟ್ಟಿಯಾಗಿತ್ತು.

ಸಾವಕಾರರು ಚಹಾದ ಕಪ್ಪು ಕೆಳಗಿಟ್ಟರು. ಹೆಂಡತಿ ನನ್ನತ್ತ ತಿರುಗಿದರು. "ನೀವರ ಹೇಳ್ರಿ ಅಜ್ಜಾರ. ಹೊಸಾ ಮನಿ ಮುಂದ ಇಂಥಾ ಮುದುಕಾ ಕುಂತ್ರ ಚಂದ ಕಾಣತೈತೇನು?"

ಗೌರಿ ತುಟಿ ಕಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನು ಎದ್ದು ಬಂದು ಆ ಮುದುಕನನ್ನು ಹತ್ತಿರದಿಂದ ಪರೀಕ್ಷಿಸಿದೆ.

"ಖರೆ ಐತ್ರಿ. ನೋಡಿದ್ರ ಎಲ್ಲಿಗೂ ಹೋಗಾವಂಗ ಕಾಣೂದಿಲ್ಲ. ತಗೀಯವಾ ಗೌರಿ, ಅವನೇನು ನಿನಗ ಬಾಡಿಗಿ ಕೊಡ್ತಾನು?"

ಸಾವಕಾರರು ನಕ್ಕು ಕಪ್ಪು ಎತ್ತಿಕೊಂಡರು. ತಮ್ಮಂದಿರ ಮನೆಗಳನ್ನೂ ಒಪ್ಪಿಸಿಯೇ ಎದ್ದರು. ಗೌರಿ ಒಂದು ಗುಂಡಿ ಒತ್ತಿದಳು. ಹಳೆಯ ಕಾರ್ಡು ಇದ್ದಿದ್ದರೆ ನನ್ನನ್ನು ತೆಗೆಯಲು ಒಂದು ತಾಸಾದರೂ ಹೆಣಗುತ್ತಿತ್ತು. ಹೊಸದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಟ್ಟೆ ಖಾಲಿ ಮಾಡಿತು. ನಾನು ಕುಳಿತಿದ್ದಲ್ಲಿ ಬಿಸಿಲು ಕೂಡ ಬಂದು ಬಿತ್ತು. ಕೊಟ್ಟ ರೊಕ್ಕಕ್ಕೆ ಮೋಸವಿಲ್ಲ.